ಇಷ್ಬೆಲ್‌ಗೂ ತಟ್ಟಿದ ಶಾಪ

ನಮ್ಮ ಕಾಲೇಜಿನ ಹೆಬ್ಬಾಗಿಲ ಮುಂದೆ, ಬೀದಿಗೆ ಹಾಸಿದ ಕಲ್ಲುಗಳ ನಡುವೆ, ಎರಡು ಅಕ್ಷರಗಳಿವೆ. ಐನೂರು ವರ್ಷಗಳ ಹಿಂದೆ ಬಿಷಪ್ಪರಿಗೆ ಎದುರಾಡಿದನೆಂದು ಇಪ್ಪತ್ತನಾಲ್ಕರ ಮೇಷ್ಟ್ರೊಬ್ಬನನ್ನು ಅಲ್ಲೇ ಸುಟ್ಟರು. ಅವನ ಹೆಸರಿನ ಮೊದಲಕ್ಷರಗಳವು. ಅವನ್ನು ತುಳಿದ ವಿದ್ಯಾರ್ಥಿಗೆ ಡಿಗ್ರಿ ಸಿಕ್ಕುವುದಿಲ್ಲವಂತೆ. ಕಡಲ ಗಾಳಿ ಟೋಪಿ ಹಾರಿಸಿಕೊಂಡು ಹೋಗುತ್ತಿದ್ದರೂ ಹುಡುಗರು ಕಲ್ಲನ್ನು ಸುತ್ತುಹಾಕಿಯೇ ಅದರ ಹಿಂದೆ ಓಡುತ್ತಾರೆ. ಗೇಟಿನ ಗೂಡಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಕಾವಲು ಕೂತಿರುವ ನನಗೆ, ಈ ವಾಟಿಗೆ, ಇದು ಪುಕ್ಕಟೆ ತಮಾಷೆ. ಭೌತಶಾಸ್ತ್ರ ಓದುವವರೇ ಎಲ್ಲರಿಗಿಂತ ದೂರ ಸುತ್ತುತ್ತಾರೆ.

ಇಷ್ಬೆಲ್ ಗೌರ್ಲೆ ಮಾತ್ರ ಎಂದೂ ಸುತ್ತಿದವಳಲ್ಲ. ಬಂದರಿನ ಮೀನುಗಾರನೊಬ್ಬನ ಮಗಳು, ಕಾಲೇಜಿನ ನೆಲ ಒರೆಸುವವಳು. ಬೆಳಿಗ್ಗೆ ಆರಕ್ಕೆ ಬಕೆಟ್ ಹಿಡಿದು ಆ ಅಕ್ಷರಗಳ ಮೇಲೇ ಧಿಮಿಧಿಮಿ ನಡೆದು ಬರುತ್ತಿದ್ದಳು.

"ಶಾಪ ತಟ್ಟುತ್ತೆ ಕಣೇ," ನಾನು ಅಂದರೆ, "ನಂಗ್ಯಾವ ಪರೀಕ್ಷೆ ಇದೆ ವಾಟೀ? ನನ್ ಬಕೆಟ್ ಫೇಲಾಗುತ್ತಾ?" ಎನ್ನುತ್ತಿದ್ದಳು.

ಐವತ್ತನಾಲ್ಕನೇ ವಯಸ್ಸಿನಲ್ಲಿ ಅವಳ ತಲೆಗೆ ಅದೇನು ಹೊಕ್ಕಿತೋ, ಇತಿಹಾಸದ ಡಿಗ್ರಿಗೆ ಅರ್ಜಿ ಹಾಕಿದಳು. ಸೀಟು ಸಿಕ್ಕೇಬಿಟ್ಟಿತು. ನಾನು ನಕ್ಕೆ. ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚಿನ ನಗು ಅದು.

ಮೊದಲ ದಿನ ವಿದ್ಯಾರ್ಥಿಗಳ ಕೆಂಪು ನಿಲುವಂಗಿ ತೊಟ್ಟು ಬಂದಳು. ಮೂವತ್ತೊಂದು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? ಕಾಲು ಸೀದಾ ಹೋಗಿ ಕಲ್ಲಿನ ಮೇಲೇ ಬಿತ್ತು. ಬೀದಿಯಲ್ಲಿದ್ದ ಹುಡುಗ ಹುಡುಗಿಯರೆಲ್ಲ ಒಟ್ಟಿಗೇ ಕಿಟಾರನೆ ಕಿರುಚಿದರು. ಇಷ್ಬೆಲ್ ಬೆಪ್ಪಾಗಿ ನಿಂತುಬಿಟ್ಟಳು.

ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ಮಕ್ಕಳೆಂದು ದತ್ತು ತೆಗೆದುಕೊಳ್ಳುವುದು ನಮ್ಮಲ್ಲಿಯ ರೂಢಿ. ಇವಳಿಗೆ ಅಮ್ಮನಾಗಿ ಸಿಕ್ಕವಳು ಶೋನಾ, ಇಪ್ಪತ್ತು ವರ್ಷದ ಹುಡುಗಿ, ಬಾಯಿಬಡಕಿ. "ಏನ್ ಮಗಳೇ, ಓದ್ಕೊಂಡ್ಯಾ? ಊಟ ಆಯ್ತಾ?" ಎಂದು ಗೇಟಿನಲ್ಲೇ ವಿಚಾರಿಸುತ್ತಿದ್ದಳು. "ಹೂಂ ಅಮ್ಮಾ," ಎಂದು ಇಷ್ಬೆಲ್ ತಲೆ ಬಗ್ಗಿಸುತ್ತಿದ್ದಳು.

ಚಳಿಗಾಲದ ಪರೀಕ್ಷೆಯಲ್ಲಿ ಇಷ್ಬೆಲ್ ಫೇಲಾದಳು. ಮೇ ತಿಂಗಳಲ್ಲಿ ಇನ್ನೊಂದು ಅವಕಾಶ. ಅದೂ ಕೈಕೊಟ್ಟರೆ ಮನೆಗೆ ಹೋಗಬೇಕು. ಏಪ್ರಿಲ್ ಕೊನೆಗೆ ಅವಳು ನಿಲುವಂಗಿ ಮಡಚಿ ತಂದು ನನ್ನ ಮೇಜಿನ ಮೇಲಿಟ್ಟಳು.

"ನಂಗಾಗಲ್ಲ ಕಣೋ. ಬಕೆಟ್ ಎಲ್ಲಿದೆ ಹೇಳು."

ಶೋನಾ ಹಿಂದೆಯೇ ಓಡಿ ಬಂದಳು. "ಎಲ್ಲಿಗ್ ಹೋಗ್ತೀಯಾ? ಮೇ ಒಂದಕ್ಕೆ ಸೂರ್ಯ ಹುಟ್ಟೋವಾಗ ಸಮುದ್ರದಲ್ಲಿ ಮುಳುಗಿದ್ರೆ ಶಾಪ ತೊಳ್ದು ಹೋಗುತ್ತೆ. ನಾವೆಲ್ಲಾ ಹೋಗ್ತೀವಿ. ನೀನೂ ಬರ್ತಿದ್ದೀಯ."

"ನಮ್ಮಪ್ಪನ್ನ ನುಂಗಿದ ನೀರಮ್ಮಾ ಅದು. ನಲವತ್ತು ವರ್ಷದಿಂದ ಕಾಲ್ ಕೂಡ ಅದ್ದಿಲ್ಲ. ನಮ್ ಮನೆಯೋರು ಸಮುದ್ರದ ಜೊತೆ ಆಟ ಆಡಲ್ಲ."

ಶೋನಾ ಮೆಲ್ಲಗೆ ಅಂದಳು: "ಹಾಗಾದ್ರೆ ಆಟ ಬೇಡ. ನನ್ ಕೈ ಹಿಡ್ಕೊಂಡು ಸುಮ್ನೆ ನಿಂತ್ಕೋ. ಅಷ್ಟೇ."

ಮೇ ಒಂದರ ಬೆಳಗಿನ ಜಾವ ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು ನಾನೂ ಹೋದೆ, ನಗಬಹುದೆಂದು. ನಗು ಬರಲಿಲ್ಲ. ನೂರಾರು ಹುಡುಗರು ಕೂಗುತ್ತಾ ನೀರಿಗೆ ನುಗ್ಗುತ್ತಿದ್ದರೆ ಇಷ್ಬೆಲ್ ಅಲೆಯಂಚಿನಲ್ಲಿ ನಡುಗುತ್ತಾ ನಿಂತಿದ್ದಳು. ಶೋನಾ ಕೈ ಎಳೆಯಲೂ ಇಲ್ಲ, ಬಿಡಲೂ ಇಲ್ಲ. ಕೊನೆಗೆ ಮೊದಲ ಹೆಜ್ಜೆ ಇಟ್ಟವಳು ಇಷ್ಬೆಲ್. ಮೊಣಕಾಲು, ಸೊಂಟ, ಎದೆ. ತಲೆ ಮುಳುಗಿಸಿ ಎದ್ದು ಅವಳು ಹಾಕಿದ ಕೂಗಿಗೆ ಕಡಲ ಹಕ್ಕಿಗಳೆಲ್ಲ ಎದ್ದು ಹಾರಿದವು.

ಕಂಬಳಿ ಹೊದ್ದು ಟೀ ಕುಡಿಯುತ್ತಾ, ನೀಲಿಗಟ್ಟಿದ ತುಟಿಯಲ್ಲೇ ಅವಳು ಹೇಳಿದಳು: "ಮೂವತ್ತೊಂದು ವರ್ಷ ಬಕೆಟ್ ಹಿಡ್ಕೊಂಡು ಆ ಕಲ್ ತುಳ್ದೆ ವಾಟೀ. ಒಂದ್ ನರಪಿಳ್ಳೆ ಕಿರುಚ್ಲಿಲ್ಲ. ಅವತ್ತು ಕಿರುಚಿದ್ರು ನೋಡು, ನಂಗೋಸ್ಕರ. ನಾನೂ ಫೇಲಾಗ್ಬಹುದು ಅಂತ ಮೊದಲನೇ ಸಲ ಯಾರಿಗೋ ಹೆದ್ರಿಕೆ ಆಯ್ತು. ಅಂದ್ರೆ ನಾನೂ ಪಾಸಾಗ್ಬಹುದು ಅಂತ ತಾನೇ?"

ನನಗೆ ನಾಚಿಕೆಯಾಯಿತು. ಅಷ್ಟು ವರ್ಷ ಅವಳು ಆ ಕಲ್ಲು ತುಳಿಯುವುದನ್ನು ನೋಡಿ ನಾನೂ ಬರೀ ನಕ್ಕಿದ್ದೆ.

ಮೇ ಪರೀಕ್ಷೆ ಪಾಸಾಯಿತು. ಆಮೇಲಿನ ಮೂರು ವರ್ಷವೂ ಅವಳು ಹಿಂದಿರುಗಿ ನೋಡಲಿಲ್ಲ. ಪದವಿ ಕೊಡುವ ದಿನ ತನ್ನೂರು ಲೂಯಿಸ್ ದ್ವೀಪದಿಂದ ದೋಣಿ, ಬಸ್ಸು ಹತ್ತಿ ಶೋನಾ ಬಂದಿದ್ದಳು, "ನನ್ ಮಗಳು, ನನ್ ಮಗಳು" ಎಂದು ಕಂಡಕಂಡವರಿಗೆಲ್ಲ ಹೇಳುತ್ತಾ. ಡಿಗ್ರಿ ಕೈಗೆ ಬಂದವರು ಕಲ್ಲು ತುಳಿಯಬಹುದು. ಇಷ್ಬೆಲ್ ಪದವೀಧರರ ಕಪ್ಪು ನಿಲುವಂಗಿಯಲ್ಲಿ ಬಂದವಳೇ ಅಕ್ಷರಗಳ ಮೇಲೆ ಎರಡೂ ಕಾಲೂರಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಜನ ಚಪ್ಪಾಳೆ ಹೊಡೆದರು. ನಾನು ಅತ್ತೆ.

ಅಷ್ಟರಲ್ಲಿ ಕೆಲಸಕ್ಕೆ ಹೊಸದಾಗಿ ಸೇರಿದ್ದ ಪೋಲೆಂಡಿನ ದನುತಾ ಬಕೆಟ್ ಹಿಡಿದು ಸೀದಾ ಆ ಕಲ್ಲಿನ ಕಡೆಗೇ ಬಂದಳು.

"ಏಯ್! ನಿಲ್ಲೇ!" ಇಷ್ಬೆಲ್ ಬೀದಿಯೇ ಅದುರುವಂತೆ ಕಿರುಚಿದಳು. "ತುಳೀಬೇಡ! ಸುತ್ಕೊಂಡ್ ಬಾ!"

"ನಾನು ಕೆಲಸದವಳಮ್ಮ," ಅಂದಳು ದನುತಾ, ಗಾಬರಿಯಾಗಿ.

"ನಾನ್ ಮತ್ತೆ ಯಾರು?"

ದನುತಾ ಅವಳ ಮುಖ ನೋಡಿದಳು, ಕಲ್ಲು ನೋಡಿದಳು. ಬಕೆಟ್ ಎತ್ತಿಕೊಂಡು ದೊಡ್ಡದೊಂದು ಸುತ್ತು ಹಾಕಿ ಬಂದಳು.

ಅವತ್ತಿನಿಂದ ನಾನೂ ಸುತ್ತಿಕೊಂಡೇ ಹೋಗುತ್ತೇನೆ. ಯಾರಾದರೂ ಕೇಳಿದರೆ, ಆ ಕಲ್ಲು ಜಾರುತ್ತದೆ ಎನ್ನುತ್ತೇನೆ.