ಶಂಕರಮ್ಮನ ಕೆಂಪು ನೆಲ

ಅರವತ್ತೆರಡು–ಅರವತ್ಮೂರನೇ ಇಸವಿಯ ಸುಮಾರಿಗೆ ಕೊಳ್ಳೇಗಾಲದ ನೇಕಾರರ ಬೀದಿಗೆ ಕೆಂಪು ಗಾರೆ ನೆಲ ಮೊದಲು ಬಂದದ್ದು ಚೌಡೇಶನ ಮನೆಗೆ. ಮಣ್ಣುನೆಲ ಸಾರಿಸಿ ಸಾರಿಸಿಯೇ ಮುದುಕಿಯಾದ ಅವನ ತಾಯಿ ಶಂಕರಮ್ಮನಿಗೆ ಆ ನೆಲವೆಂದರೆ ಪ್ರಾಣ. ಶುಕ್ರವಾರ ಬಂತೆಂದರೆ ಸೊಸೆ ಶಿವರತ್ನಮ್ಮ ನೆಲ ಒರೆಸಿ, ಒಣಗಿದ ಮೇಲೆ ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ತಿಕ್ಕಿ, ಆಮೇಲೆ ತೌಡು ಉದುರಿಸಿ ಜಿಡ್ಡು ತೆಗೆಯಬೇಕು. ನೆಲ ಮುಖ ಕಾಣುವಂತೆ ಹೊಳೆಯುತ್ತಿತ್ತು.

ಹೀಗೆ ಕೆಲವು ವರ್ಷ ಕಳೆದ ಮೇಲೆ, ಒಂದು ಗೌರಿ ಹಬ್ಬದ ಹಿಂದಿನ ದಿನ ಎಣ್ಣೆ ತಿಕ್ಕಿ ಮುಗಿದಾಗ ಶಂಕರಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಇನ್ನೂ ಮಂಕಾಗೇ ಅದೆ ಕಣವ್ವ. ಇನ್ನೊಸಿ ಆಕು."

ಶಿವರತ್ನಮ್ಮ ಇನ್ನಷ್ಟು ಎಣ್ಣೆ ಹಾಕಿದಳು. ತೌಡು ತರಲು ಅಡುಗೆಮನೆಗೆ ಹೋದರೆ ಅಲ್ಲಿ ಹಾಲು ಉಕ್ಕುತ್ತಿತ್ತು. ಅದನ್ನು ಇಳಿಸಿ ಒಲೆ ಒರೆಸುವಷ್ಟರಲ್ಲಿ ದೊಪ್ಪನೆ ಸದ್ದಾಯಿತು. ಬಚ್ಚಲಿನಿಂದ ಒದ್ದೆ ಕಾಲಲ್ಲಿ ಬಂದ ಅತ್ತೆ ನಡುಮನೆಯಲ್ಲಿ ಬಿದ್ದಿದ್ದಳು.

ಸೊಂಟದ ಮೂಳೆ ಮುರಿದಿತ್ತು. ಮೈಸೂರಿನ ಆಸ್ಪತ್ರೆಗೆ ಹೋಗಿ ಬಂದರು, ಹನೂರು ಕಡೆಯ ನಾಟಿ ವೈದ್ಯನಿಂದ ಪಟ್ಟು ಕಟ್ಟಿಸಿದರು. ಶಂಕರಮ್ಮ ಮತ್ತೆ ಎದ್ದು ನಡೆಯಲಿಲ್ಲ. ಯಾರು ಕೇಳಿದರೂ "ತಲೆ ತಿರುಗ್ತು, ಬಿದ್ದೆ" ಅಂದುಬಿಡುತ್ತಿದ್ದಳು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಶಿವರತ್ನಮ್ಮ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಅತ್ತೆ ಬೈದಿದ್ದರೇ ವಾಸಿಯಿತ್ತು ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಚೌಡೇಶ ಒಳಗೆ ಮಗ್ಗದ ಮೇಲಿದ್ದ. ಸೊಸೆ ಮೈ ಒರೆಸುತ್ತಿರುವಾಗ ಮುದುಕಿ ತಾನಾಗಿಯೇ ಬಾಯಿಬಿಟ್ಟಳು.

"ಅಂಗಾಲ್ಗೆ ಎಣ್ಣೆ ತಾಕಿದ್ದು ನಂಗೆ ತಿಳೀನಿಲ್ವಾ? ಅವನ್ಗೆ ಯೋಳ್ಬ್ಯಾಡ. ಕೈ ಮಾಡ್ತಾನೆ."

"ನೀವೇ ಆಕು ಅಂದಿದ್ರಲ್ಲ ಅತ್ತೆ."

"ಊಂ. ಅದ್ನೂ ಯೋಳ್ಬ್ಯಾಡ."

ಕಾರ್ತಿಕದಲ್ಲಿ, ಬೆನ್ನೆಲ್ಲ ಹುಣ್ಣಾಗಿ, ಶಂಕರಮ್ಮ ತೀರಿಕೊಂಡಳು. ತಿಥಿ ಮುಗಿದ ಮಾರನೆಯ ದಿನ ಶಿವರತ್ನಮ್ಮ ಹಂಡೆ ತುಂಬ ನೀರು ಕಾಯಿಸಿ, ಸೀಗೆಪುಡಿ ಚೆಲ್ಲಿ, ತೆಂಗಿನ ನಾರಿನಿಂದ ನಡುಮನೆಯನ್ನು ಉಜ್ಜಿದಳು. ವರ್ಷಗಳ ಎಣ್ಣೆ ಕಂದು ನೊರೆಯಾಗಿ ಎದ್ದು ಬಂತು. ನೆಲ ಒರಟಾಗಿ, ಬಿಳಿಚಿಕೊಂಡಿತು.

ಮಗ್ಗದಿಂದ ಎದ್ದು ಬಂದ ಚೌಡೇಶ ಹೊಸ್ತಿಲಲ್ಲೇ ನಿಂತ.

"ಅವ್ವನ ನೆಲನ ಆಳ್ಮಾಡ್ಬುಟ್ಟಲ್ಲ. ಅವಳು ಓಗೋದನ್ನೇ ಕಾಯ್ತಿದ್ದಾ?"

ಅತ್ತೆ ಬಿದ್ದದ್ದು ಹೇಗೆಂದು ಶಿವರತ್ನಮ್ಮ ಹೇಳಿಬಿಡಬಹುದಿತ್ತು. ಅವಳು ತಲೆ ಎತ್ತದೆ ಕೊಳೆನೀರನ್ನು ಬಚ್ಚಲಿನತ್ತ ಬಳಿಯುತ್ತ ಹೋದಳು. ಅವತ್ತು ಅವನು ಊಟಕ್ಕೆ ಕೂರಲಿಲ್ಲ. ಗಂಡಹೆಂಡಿರ ನಡುವೆ ಮಾತು ಕಡಿಮೆಯಾಗುತ್ತ ಬಂದದ್ದು ಅವತ್ತಿನಿಂದಲೇ.