ಯೆಲ್ಮರನ ಮೌನ

ಯಾರು ಏನು ಕೇಳಿದರೂ ಯೆಲ್ಮರ್ ತಕ್ಷಣ ಉತ್ತರಿಸುತ್ತಿರಲಿಲ್ಲ. ಅಜ್ಜನ ಕಾಲದ ಕೋಟಿನ ಮರದ ಗುಂಡಿಯನ್ನು ತಿರುವುತ್ತ, ನೀಳವಾದ ಕುತ್ತಿಗೆಯನ್ನು ಒಂದು ಬದಿಗೆ ವಾಲಿಸಿ, ಎದುರಿನವರ ಮುಖವನ್ನೇ ನೋಡುತ್ತ ನಿಂತನೆಂದರೆ, ತಾವು ಏನೋ ಘನವಾದದ್ದನ್ನೇ ಕೇಳಿರಬೇಕೆಂದು ಕೇಳಿದವರಿಗೇ ಅನ್ನಿಸಿಬಿಡುತ್ತಿತ್ತು. ಗ್ರೋನಿಂಗನ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ ಸಂವಹನ ಓದಿದ ಎರಡು ವರ್ಷವೂ ನಾನು ಅವನ ಪಕ್ಕದಲ್ಲೇ ಕುಳಿತೆ, ಎರಡು ವರ್ಷವೂ ಹೊಟ್ಟೆ ಉರಿದುಕೊಂಡೆ.

ಭೂಗರ್ಭಶಾಸ್ತ್ರವನ್ನು ಅರೆದು ಕುಡಿದು ಬಂದವಳು ನಾನು. ಅವನೋ ಮೊದಲ ಪದವಿಯನ್ನೇ ಕುಂಟುತ್ತ ಮುಗಿಸಿದವನು. ಆದರೂ ನಾನು ಸೈಕಲ್ಲಿಗೆ ಬೀಗ ಹಾಕಿ ಬರುವಷ್ಟರಲ್ಲಿ ಅವನ ಸುತ್ತ ನಾಲ್ಕು ಜನ ಸೇರಿರುತ್ತಿದ್ದರು.

ನಮ್ಮ ಅಧ್ಯಾಪಕಿ ಹಿಲಿಯಾ, ವಿಷಯ ವಿವರಿಸಿದ ವಿದ್ಯಾರ್ಥಿಯನ್ನು ಪರೀಕ್ಷಿಸುತ್ತಿರಲಿಲ್ಲ. ಕೇಳಿಸಿಕೊಂಡವರಿಂದ ಅದನ್ನೇ ತಿರುಗಿ ಹೇಳಿಸುತ್ತಿದ್ದಳು. ಕೊನೆಯ ಪರೀಕ್ಷೆ ನಡೆದದ್ದು, ಅಡಿಯ ಅನಿಲವನ್ನು ವರ್ಷಗಟ್ಟಲೆ ತೆಗೆದದ್ದರಿಂದ ನೆಲ ನಡುಗತೊಡಗಿದ್ದ ಹಳ್ಳಿಯೊಂದರಲ್ಲಿ, ಗೇಸ್ಕೆ ಎಂಬ ವಿಧವೆಯ ಮನೆಯಲ್ಲಿ. ಗೆದ್ದವರಿಗೆ ಆ ಸೀಮೆಯ ಹಳ್ಳಿಗಳಿಗೆಲ್ಲ ಹೋಗಿ ಈ ನಡುಕವನ್ನು ಜನರಿಗೆ ವಿವರಿಸುವ ಉದ್ಯೋಗ. ಅದು ನನಗೆ ಬೇಕಾಗಿತ್ತು. ಬದುಕಿನಲ್ಲಿ ಬೇರಾವುದನ್ನೂ ನಾನು ಅಷ್ಟು ಬಯಸಿರಲಿಲ್ಲ.

"ಗ್ಯಾಸ್ ತೆಗೆಯೋದು ನಿಲ್ಸಿದಾರಲ್ಲ, ನನ್ ಗೋಡೆ ಬಿರುಕು ಬಿಡೋದು..." ಎಂದು ಗೇಸ್ಕೆ ಶುರುಮಾಡುವುದರೊಳಗೇ ನಾನು ಶಿಲಾಸ್ತರ, ಒತ್ತಡ, ಭ್ರಂಶಗಳನ್ನೆಲ್ಲ ನಿರರ್ಗಳವಾಗಿ ವಿವರಿಸಿ ಮುಗಿಸಿದ್ದೆ.

ಆಕೆ ಹಿಲಿಯಾಳಿಗೆ ಒಪ್ಪಿಸಿದ ವರದಿ ಇಷ್ಟೇ: "ಹುಡುಗಿ ಭಾಳ ಓದ್ಕೊಂಡೋಳು ಬಿಡಿ. ಏನ್ ಹೇಳಿದ್ಳು ಅನ್ನೋದು ಮಾತ್ರ ತಲೇಲಿ ಉಳೀಲಿಲ್ಲ."

ಆಮೇಲೆ ಯೆಲ್ಮರನ ಸರದಿ. ಈ ಸಲ ಆಕೆ ತನ್ನ ಪ್ರಶ್ನೆಯನ್ನು ಪೂರ್ತಿ ಕೇಳಿ ಮುಗಿಸಿದಳು; ಅವನು ಗುಂಡಿ ತಿರುವಿದ.

"ಯಾವಾಗ ನಿಲ್ಲುತ್ತೆ ಅಂತ ನಂಗೊತ್ತಿಲ್ಲಮ್ಮ. ಯಾರಿಗೂ ಗೊತ್ತಿಲ್ಲ. ಯಾಕೆ ಗೊತ್ತಾಗಲ್ಲ ಅಂತ ಬೇಕಾದ್ರೆ ಹೇಳ್ತೀನಿ. ಮೊದ್ಲು ಆ ಗೋಡೆ ತೋರ್ಸಿ."

ನಮ್ಮ ಸೀಮೆಯಲ್ಲಿ ಮನೆಗೆ ಬಂದವರಿಗೆ ಕಾಫಿಯ ಜೊತೆ ಒಂದೇ ಬಿಸ್ಕತ್ತು. ಕೊಟ್ಟೊಡನೆ ಡಬ್ಬಿ ಮುಚ್ಚುತ್ತದೆ. ಗೋಡೆ ನೋಡಿ ಬಂದವನಿಗೆ ಎರಡನೆಯದನ್ನು ಕೊಡಲು ಗೇಸ್ಕೆ ಮತ್ತೆ ಮುಚ್ಚಳ ತೆಗೆದಳು. ಆ ಸದ್ದಿಗೇ ನಾನು ಸೋತೆನೆಂದು ತಿಳಿಯಿತು. ಆಮೇಲೆ ಆಕೆ ಹಿಲಿಯಾಳಿಗೇ ಪಾಠ ಹೇಳಿದಳು: "ಒಳಗೆ ಖಾಲಿಯಾಗಿರೋ ನೆಲ ಇನ್ನೂ ಕುಸಿದು ಕೂತ್ಕೊಳ್ತಾ ಇದೆ ಕಣಮ್ಮ. ಇಂಥಾ ದಿನ ನಿಲ್ಲುತ್ತೆ ಅಂತ ಯಾವನಾದ್ರೂ ಹೇಳಿದ್ರೆ, ಅವನು ಸುಳ್ಳ."

ಹಿಂದಿರುಗುವಾಗ ಬಸ್ಸಿನಲ್ಲಿ ಯೆಲ್ಮರ್ ನನ್ನ ಪಕ್ಕದಲ್ಲೇ ಬಂದು ಕುಳಿತ. "ನಿನ್ನಷ್ಟು ಗೊತ್ತಿದ್ದಿದ್ರೆ ನಾನೂ ಹಾಗೇ ಮಾತಾಡ್ತಿದ್ದೆ ಕಣೇ," ಎಂದ, ಎಳ್ಳಷ್ಟೂ ವ್ಯಂಗ್ಯವಿಲ್ಲದೆ. ವ್ಯಂಗ್ಯವಿದ್ದಿದ್ದರೆ ನನಗೆ ಅವನನ್ನು ನೆಮ್ಮದಿಯಾಗಿ ದ್ವೇಷಿಸಲಾದರೂ ಆಗುತ್ತಿತ್ತು.

ಇಂಥವರು ಅಲ್ಲಲ್ಲಿ ಹುಟ್ಟುತ್ತಾರೆ. ತಮಗೆ ತಿಳಿಯದುದನ್ನು ತಿಳಿಯದೆಂದು ಹೇಳಿಯೂ ಎದುರಿನವರಿಗೆ ಧೈರ್ಯ ಕೊಡಬಲ್ಲವರು. ಆ ಗುಣವನ್ನು ಯಾರು ಬೇಕಾದರೂ ಕಲಿಯಬಹುದೆಂದು ನಂಬಿಯೇ ವಿಶ್ವವಿದ್ಯಾಲಯ ಅದಕ್ಕೊಂದು ಪದವಿಯನ್ನು ಇಟ್ಟಿದೆ. ಆ ಪದವಿ ನನಗೂ ಸಿಕ್ಕಿದೆ, ಅವನಿಗಿಂತ ಹೆಚ್ಚು ಅಂಕಗಳೊಂದಿಗೆ.