ಖಾಲಿ ಕಂಡ ಸರ್ವರ್

ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ನಿಪ್ಪಾಣಿಯಿಂದ ತವರೂರು ಶಿರಗುಪ್ಪಿಗೆ ಹೊರಟ ದಿನ ಬ್ರಾಹ್ಮಿ ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟಳು. ಬಿಟ್ಟಳು ಅನ್ನುವುದಕ್ಕಿಂತ ಅತ್ತೆ ಗಂಗೂಬಾಯಿ ಬಿಡಿಸಿದರು ಅನ್ನುವುದೇ ಸರಿ.

"ಇವತ್ತೊಂದ ದಿನಾ ಅದು ಬ್ಯಾಡವಾ, ಬೇಕಾದ್ರ ಆಮ್ಯಾಲ ಸುಜಯ ತಂದ ಕೊಡತಾನ. ಹಸರ ಸೀರಿ ಉಟಗೊಂಡ, ಕೈ ತುಂಬ ಬಳಿ ಹಾಕೊಂಡ, ಅದನ್ನ ತೊಡಿಮ್ಯಾಲ ಇಟಗೊಂಡ ಕುಂತರ ಶಿರಗುಪ್ಪಿ ಮಂದಿ ಏನಂದಾರು?"

ಏಳು ತಿಂಗಳ ಬಸುರಿ ಸೊಸೆ ಗಂಡನ ಮುಖ ನೋಡಿದಳು. ಸುಜಯ ಕಾರಿನ ಗಾಜು ಒರೆಸುತ್ತಿದ್ದವನು ಇನ್ನಷ್ಟು ಜೋರಾಗಿ ಒರೆಸತೊಡಗಿದ.

ಗಂಡ ಹೆಂಡತಿ ಕೂಡಿ ಕಟ್ಟಿದ ಕಂಪನಿಯ ಹೆಸರು 'ಪಾಳಿ'. ಸಕ್ಕರೆ ಕಾರ್ಖಾನೆಗೆ ಕಬ್ಬು ತರುವ ಟ್ರ್ಯಾಕ್ಟರುಗಳು ಗೇಟಿನ ಮುಂದೆ ದಿನಗಟ್ಟಲೆ ನಿಂತು ಒಣಗುವುದನ್ನು ತಪ್ಪಿಸುವುದು ಅದರ ಕೆಲಸ. ಡ್ರೈವರ್ ಮೊಬೈಲಿನಲ್ಲಿ ಪಾಳಿ ತೆರೆದರೆ ತನ್ನ ನಂಬರ್ ಯಾವಾಗ ಬರುತ್ತದೆ ಎಂದು ಕಾಣುತ್ತದೆ. ಅಲ್ಲಿಯವರೆಗೆ ಗಾಡಿ ಹೊಲದಲ್ಲೇ ನಿಲ್ಲಿಸಿಕೊಂಡು ಹಾಯಾಗಿರಬಹುದು. ಮೊದಲ ಹಂಗಾಮಿನಲ್ಲಿ ಒಂದೇ ಕಾರ್ಖಾನೆ ಇತ್ತು, ಒಂದೇ ಸರ್ವರ್ ಸಾಕಾಗಿತ್ತು. ಆಮೇಲೆ ರಾಯಬಾಗದ ಕಡೆಯವರು ಬಂದರು, ಅಥಣಿಯ ಕಡೆಯವರು ಬಂದರು, ಈ ವರ್ಷ ಗಡಿಯಾಚೆಯ ಸಾಂಗಲಿ, ಕೊಲ್ಲಾಪುರದ ಕಾರ್ಖಾನೆಗಳೂ ಕೈ ಕೂಡಿಸಿದವು. ಬೆಳಗಾದ ಕೂಡಲೇ ಸಾವಿರಾರು ಡ್ರೈವರುಗಳು ಒಮ್ಮೆಲೇ ಮೊಬೈಲು ತೆರೆದರೆ ಒಂದು ಸರ್ವರ್ ಏನು ತಾಳೀತು? ಬ್ರಾಹ್ಮಿ ಸರ್ವರುಗಳನ್ನು ಒಂದೊಂದಾಗಿ ಹೆಚ್ಚಿಸಿದಳು. ಎಲ್ಲದರ ಮುಂದೆ ಒಂದು ಲೋಡ್ ಬ್ಯಾಲೆನ್ಸರ್ ಇಟ್ಟಳು. ಬಂದವರನ್ನು ಬಾಗಿಲಲ್ಲೇ ಹಿಡಿದು, ಆ ಹೊತ್ತಿಗೆ ಯಾವ ಸರ್ವರಿನ ಕೈ ಖಾಲಿ ಇದೆಯೋ ಅದರ ಕಡೆ ಕಳಿಸುವುದು ಅದರ ಕೆಲಸ. ಇಷ್ಟನ್ನೂ ಅವಳು ಒಬ್ಬಳೇ ಕೂತು ಮಾಡಿದ್ದಳು. ಬೀಗದ ಕೈಯೂ ಅವಳೊಬ್ಬಳ ಹತ್ತಿರವೇ ಇತ್ತು.

ಬೇಡಕಿಹಾಳದ ಸುರಜ ಕಂಪನಿ ಸೇರಿ ಎರಡು ವರ್ಷವಾಗಿತ್ತು. ಕಲಿತ ಹುಡುಗ, ಮಾತು ಕಡಿಮೆ. ಅವನು ಬರೆದದ್ದನ್ನು ಬ್ರಾಹ್ಮಿ ಮೂರು ಸಲ ನೋಡದೆ ಮುಂದೆ ಬಿಡುತ್ತಿರಲಿಲ್ಲ. ಕುಬಸ ಮುಗಿದ ಮೇಲೆ ಹೆರಿಗೆಗೆ ತವರಲ್ಲೇ ಉಳಿಯಬೇಕಲ್ಲ ಎಂದು ನಿನ್ನೆಯಷ್ಟೇ, ಹಲ್ಲು ಕಿತ್ತು ಕೊಟ್ಟಂತೆ, ಎಲ್ಲ ಪಾಸ್‌ವರ್ಡುಗಳನ್ನೂ ಅವನಿಗೆ ಕೊಟ್ಟಿದ್ದಳು.

"ನಾ ನೋಡ್ಕೋತೇನ್ರಿ ವೈನಿ. ನೀವ ಆರಾಮ ಹೋಗಿ ಬರ್ರಿ," ಅಂದಿದ್ದ. ಅವಳನ್ನು ಅವನು ಅತ್ತಿಗೆಯೆಂದೇ ಕರೆಯುತ್ತಿದ್ದ.

ಚಿಕ್ಕೋಡಿ ದಾಟಿತು, ಕೃಷ್ಣೆಯ ಸೇತುವೆ ದಾಟಿತು. ಸುರಜನ ಫೋನಿಲ್ಲ. ಫೋನಿಲ್ಲ ಅಂದರೆ ಎಲ್ಲ ನೆಟ್ಟಗಿದೆ ಎಂದುಕೊಂಡು ಬ್ರಾಹ್ಮಿ ಕಣ್ಣು ಮುಚ್ಚಿದಳು. ಕಾಗವಾಡ ಇನ್ನೂ ದೂರವಿರುವಾಗಲೇ ಕಾರು ನಿಂತಿತು. ಕಣ್ಣು ತೆರೆದರೆ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಒಂದೊಂದಕ್ಕೂ ಎರಡೆರಡು ಟ್ರೇಲರ್. ರಸ್ತೆ ತಿರುಗುವಲ್ಲಿಯವರೆಗೂ ಕಬ್ಬಿನ ಸುಳಿಯೇ ಕಾಣುತ್ತಿತ್ತು.

ಸುಜಯ ಇಳಿದು ವಿಚಾರಿಸಿ ಬಂದ. ಅವನ ಮುಖ ಸಪ್ಪಗಾಗಿತ್ತು.

"ಕಾರ್ಖಾನಿ ಗೇಟಿನ ಮುಂದ ನಿಂತಾವು. ಮೊಬೈಲನ್ಯಾಗ ನಂಬರ ಕಾಣವಲ್ದಂತ. ನಮ್ಮ ಪಾಳೀನ ಬಂದ್ ಬಿದ್ದೈತಿ."

"ಹಂಗಾರ ನನಗ್ಯಾಕ ಫೋನ್ ಬರಲಿಲ್ಲ?" ಎನ್ನುತ್ತಲೇ ಬ್ರಾಹ್ಮಿ ಬಾಗಿಲು ತೆಗೆದು ಇಳಿದಳು. ಹಿಂದಿನಿಂದ ಗಂಗೂಬಾಯಿ ಕರೆದದ್ದು ಅವಳ ಕಿವಿಗೆ ಬೀಳಲಿಲ್ಲ.

ಎಲ್ಲಕ್ಕಿಂತ ಹಿಂದಿದ್ದ ಟ್ರ್ಯಾಕ್ಟರಿನ ಡ್ರೈವರ್ ವಿಠೋಬಾ ಎಂಬವನು ಗಾಲಿಯ ನೆರಳಲ್ಲಿ ಕೂತು ಮೊಬೈಲನ್ನು ಒತ್ತುತ್ತಿದ್ದ. ಹಸಿರು ಸೀರೆಯ ಬಸುರಿ ಹೆಂಗಸು ಎದುರು ಬಂದು ನಿಂತದ್ದು ಕಂಡು ಎದ್ದ.

"ಏನ್ ಬರಾಕತ್ತೈತಿ ತೋರಸರಿ ಅಣ್ಣಾ."

"ಏನ್ ತೋರಸೂದ್ರಿ ಅಕ್ಕಾರ, ಸೇವಾ ಇಲ್ಲ ಅಂತೈತಿ. ಇವ್ರನ್ನ ನಂಬಿ ಕೆಟ್ಟೇವಿ, ನಂಬರ ತಪ್ಪೀತಂತ ಹೊಲದಿಂದ ಬಂದ ಕುಂತೇವಿ ನೋಡ್ರಿ."

ಅವಳು ಅವನ ಮೊಬೈಲು ಇಸಿದುಕೊಂಡು ತಾನೇ ಒತ್ತಿದಳು. ಸೇವೆ ಲಭ್ಯವಿಲ್ಲ. ಮತ್ತೆ ಒತ್ತಿದಳು. ಮತ್ತೆ ಅದೇ. ಬೆರಳು ತೆಗೆಯುವುದರೊಳಗೆ ಉತ್ತರ ಬರುತ್ತಿತ್ತು. ಅವಳಿಗೆ ಅದೇ ವಿಚಿತ್ರವಾಗಿ ಕಂಡಿತು. ಜನ ಹೆಚ್ಚಾಗಿ ಸರ್ವರ್ ಸೋತರೆ ಪುಟ ತೆರೆಯದೆ ಸತಾಯಿಸಬೇಕು, ಚಕ್ರ ತಿರುಗುತ್ತಲೇ ಇರಬೇಕು. ಇದು ಸತಾಯಿಸುತ್ತಿಲ್ಲ. ಕೇಳುವ ಮೊದಲೇ ಇಲ್ಲ ಎನ್ನುತ್ತಿದೆ.

ಅವಳು ಸುರಜನಿಗೆ ಫೋನ್ ಹಚ್ಚಿದಳು.

"ವೈನಿ... ಕಾರ್ಯಕ್ರಮದಾಗ ಇರತೀರಂತ ನಿಮಗ ಹೇಳಲಿಲ್ರಿ. ಮಂದಿ ಬಾಳ ಆಗ್ಯಾರಂತ ತಿಳದ ಇನ್ನೂ ಎರಡ ಸರ್ವರ್ ಹಾಕೇನಿ. ಏನೂ ಉಪಯೋಗ ಆಗವಲ್ದು. ಅವುಕ ಮಂದೀನ ಸರಿಯಾಗಿ ಹೋಗವಲ್ರು."

ಬೈಯಬೇಕೆಂದು ಬಾಯಿ ತನಕ ಬಂದದ್ದನ್ನು ಬ್ರಾಹ್ಮಿ ನುಂಗಿದಳು. ಲ್ಯಾಪ್‌ಟಾಪ್ ನಿಪ್ಪಾಣಿಯಲ್ಲಿ, ತಾನು ಕಬ್ಬಿನ ಸಾಲಿನ ಹಿಂದೆ. ಈಗ ಇರುವುದು ಅವನ ಕೈಯೊಂದೇ.

"ಎಲ್ಲಾ ಕೂಡಿಸಿ ನೋಡಬ್ಯಾಡ, ಸುರಜ. ಒಂದೊಂದ ಸರ್ವರ್ ಬ್ಯಾರೆ ಬ್ಯಾರೆ ತಗದ ನೋಡ. ಎಲ್ಲಾದಕ್ಕಿಂತ ಜಲ್ದಿ ಉತ್ತರಾ ಕೊಡಾಕತ್ತಿದ್ದು ಯಾವದು?"

"ಮೂರನೇದ್ರಿ. ಅದೊಂದ ಛಲೋ ನಡದೈತಿ. ಅದಕ್ಕ ಅದನ್ನ ಮುಟ್ಟಾಕ ಹೋಗಿಲ್ಲ."

"ಅದರ ಲಾಗ್ ತಗಿ, ಏನೇನ್ ಬರದಿಟ್ಟೈತಿ ನೋಡ."

ಫೋನಿನಲ್ಲಿ ಕೀಲಿಮಣೆಯ ಸದ್ದು ಕೇಳಿತು.

"ಅಯ್ಯೋ ವೈನಿ... ಇದಕ್ಕ ನಂಬರ ಇರೂ ಡೇಟಾಬೇಸ್ ಸಂಪರ್ಕಾನ ಇಲ್ಲ. ಬಂದವ್ರಿಗೆಲ್ಲಾ ಇಲ್ಲ, ಇಲ್ಲ ಅಂತ ಹೇಳಿ ಹೇಳಿ ತಿರಗಿ ಕಳಸಾಕತ್ತೈತಿ!"

ನಿಜವಾಗಿ ಕೆಲಸ ಮಾಡುವ ಸರ್ವರುಗಳಿಗೆ ಒಬ್ಬೊಬ್ಬರ ಪಾಳಿ ಹುಡುಕಿ ಕೊಡಲು ಸ್ವಲ್ಪ ಹೊತ್ತು ಬೇಕು. ಕೆಟ್ಟು ಕೂತದ್ದಕ್ಕೆ ಹೊತ್ತೇ ಬೇಡ. ಹಾಗಾಗಿ ಅದು ಯಾವಾಗ ನೋಡಿದರೂ ಖಾಲಿ. ಖಾಲಿ ಇದೆಯೆಂದು ಲೋಡ್ ಬ್ಯಾಲೆನ್ಸರ್ ಪಾಪ, ಮತ್ತೆ ಮತ್ತೆ ಜನರನ್ನು ಅದರ ಬಾಗಿಲಿಗೇ ಅಟ್ಟುತ್ತಿತ್ತು. ಸರ್ವರ್ ಸರಿಯಿದೆಯೇ ಎಂದು ಆಗಾಗ ವಿಚಾರಿಸುವ ಏರ್ಪಾಡೂ ಇತ್ತು. ಆದರೆ ಅದು ಕೇಳುತ್ತಿದ್ದದ್ದು 'ಜೀವಂತ ಇದ್ದೀಯಾ' ಎಂದಷ್ಟೇ, 'ಕೆಲಸ ಮಾಡಬಲ್ಲೆಯಾ' ಎಂದಲ್ಲ. ಆ ಪ್ರಶ್ನೆಯನ್ನು ಮೊದಲ ಹಂಗಾಮಿನಲ್ಲಿ ಬರೆದವಳು ಬ್ರಾಹ್ಮಿಯೇ. ಬೇರೆ ಯಾರಿಗೂ ಅದನ್ನು ನೋಡಲು ಅವಳು ಕೊಟ್ಟಿರಲಿಲ್ಲ. ನೋಡಿದ್ದರೆ ಯಾರಾದರೂ ಹೇಳುತ್ತಿದ್ದರೇನೋ. ಬಿಸಿಲಿಗೋ ನಾಚಿಕೆಗೋ ಅವಳ ಕೆನ್ನೆ ಕಾದವು.

"ಅದನ್ನ ಹೊರಗ ತಗದ ಒಗಿ. ಈಗಿಂದೀಗ ಎಲ್ಲಾ ಛಾಲೂ ಆಗ್ತೈತಿ," ಅಂದಳು.

"ಒಮ್ಮಿಗೆಲೆ ಬ್ಯಾಡ್ರಿ ವೈನಿ," ಅಂದ ಸುರಜ. ಅವನು ಅವಳ ಮಾತಿಗೆ ಅಡ್ಡ ಬಂದದ್ದು ಅದೇ ಮೊದಲು. "ಈಗ ಎಲ್ಲಾರೂ ಮೊಬೈಲ್ ಹಿಡದ ಒತ್ತಕೋತ ಕುಂತಾರ. ಬಾಗಲಾ ತಗದ ಕೂಡ್ಲೆ ಉಳದ ಸರ್ವರ್ ಮ್ಯಾಲ ಮುಗಿಬೀಳತಾರ, ಅವೂ ಮಲಗತಾವು. ಮದಲ ಗೇಟಿನ್ಯಾಗ ಕುಂತ ಕಾರ್ಖಾನಿ ಮಂದಿಗೆ ಅಷ್ಟ ಬಿಡತೇನಿ. ಆಮ್ಯಾಲ ಒಂದೊಂದ ಕಾರ್ಖಾನಿ ಡ್ರೈವರಗೋಳನ್ನ ಬಿಡಕೋತ ಹೋಗತೇನಿ."

ಬ್ರಾಹ್ಮಿ ಅಲ್ಲಿದ್ದಿದ್ದರೆ ಬಾಗಿಲು ತೆಗೆದೇಬಿಡುತ್ತಿದ್ದಳು, ಮತ್ತು ಎಲ್ಲ ಮತ್ತೆ ಬೀಳುತ್ತಿತ್ತು.

"ಖರೇ ಐತಿ. ಹಂಗ ಮಾಡ. ಕಾಗವಾಡ ಕಡಿದು ಯಾವಾಗ ಬರತೈತಿ?"

"ಅದ ಎಲ್ಲಾದಕ್ಕಿಂತ ದೊಡ್ಡದರಿ... ಕಡೀಕ ಬಿಡಬೇಕಾಗತೈತಿ." ಆಮೇಲೆ ಕೇಳಿದ, "ನೀವ ಎಲ್ಲಿದೀರಿ ವೈನಿ?"

ಬ್ರಾಹ್ಮಿ ಸಾಲನ್ನು ನೋಡಿದಳು, ಪಡುವಣಕ್ಕೆ ಇಳಿಯುತ್ತಿದ್ದ ಹೊತ್ತನ್ನು ನೋಡಿದಳು. ಒಂದು ಮಾತು ಹೇಳಿದರೆ ಸಾಕು, ಅವನು ಈ ಕಾರ್ಖಾನೆಯವರನ್ನೇ ಮೊದಲು ಬಿಡುತ್ತಾನೆ.

"ನಾವು ಆರಾಮ ಇದ್ದೇವಿ. ನೀ ನಿನ್ನ ಲೆಕ್ಕದಾಗ ಮಾಡ," ಎಂದು ಫೋನ್ ಇಟ್ಟಳು.

ವಿಠೋಬಾ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. "ಅಕ್ಕಾರ, ಪಾಳಿ ಅಂದ್ರ ನಿಮ್ಮದ ಏನ್ರಿ?"

"ಹೂನ್ರಿ. ತಪ್ಪಾತು. ತಾಸೊತ್ತಿನ್ಯಾಗ ಸರಿ ಆಗತೈತಿ."

ಅವನು ಬೈಯುತ್ತಾನೆಂದು ಅವಳು ಕಾದಳು. ಅವನು ಅವಳ ಹೊಟ್ಟೆಯನ್ನೂ ಬಳೆಯನ್ನೂ ನೋಡಿ, "ಬಿಸಲಾಗ ನಿಂದರಬ್ಯಾಡ್ರಿ," ಅಂದು ಟ್ರ್ಯಾಕ್ಟರಿನ ಸೀಟಿನ ಮೇಲಿದ್ದ ಗಾದಿ ತೆಗೆದು ಬೇವಿನ ಮರದ ಕೆಳಗೆ ಹಾಸಿಕೊಟ್ಟ.

ಗಂಗೂಬಾಯಿಗೆ ಸರ್ವರಿನ ಚಿಂತೆಯಲ್ಲ, ಸೂರ್ಯನ ಚಿಂತೆ. ಜೈನರಾದ ಅವರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಬಯಕೆಯ ಊಟವೆಂದು ಹೊರಟ ಬಸುರಿ ಹಸಿದು ಮಲಗಬೇಕೇ? ಅವರು ಸುಜಯನನ್ನು ಕರೆದು ಕಾರಿನ ಹಿಂದಿನಿಂದ ಬುಟ್ಟಿಗಳನ್ನು ಇಳಿಸಲು ಹೇಳಿದರು. ಬೀಗರ ಮನೆಗೆಂದು ಕಟ್ಟಿದ್ದ ಕರ್ಚಿಕಾಯಿ, ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಡಕಿಕಾಳು ಪಲ್ಯ ಎಲ್ಲ ಬೇವಿನ ಕೆಳಗೆ ಬಂದವು.

"ಅತ್ತೀ, ಇದೆಲ್ಲಾ ಅವ್ವನ ಮನಿಗಂತ..."

"ನಿಮ್ಮವ್ವಗ ನಾ ಹೇಳತೇನಿ. ಬಾಯಿ ತಗಿ."

ಸೊಸೆಯ ಉಡಿಗೆ ಒಂದು ಕಾಯಿ, ಐದು ಬಗೆ ಹಣ್ಣು ಹಾಕಿ, ಹಣೆಗೆ ಕುಂಕುಮವಿಟ್ಟು, ಹೋಳಿಗೆ ಮುರಿದು ಬಾಯಿಗಿಟ್ಟರು. ಮುಂದಿನ ಟ್ರ್ಯಾಕ್ಟರುಗಳ ಡ್ರೈವರುಗಳೂ ಒಬ್ಬೊಬ್ಬರಾಗಿ ಬಂದರು. ಗಂಗೂಬಾಯಿ ಎಲ್ಲರ ಅಂಗೈಗೂ ಒಂದೊಂದು ಕರ್ಚಿಕಾಯಿ ಹಾಕಿದರು. ಗಡಿಯಾಚೆಯವನೊಬ್ಬ ಬಯಕೆಯ ಊಟಕ್ಕೆ ತನ್ನ ಮರಾಠಿಯ ಹೆಸರಿಟ್ಟು, "ರಸ್ತ್ಯಾಗ ಡೋಹಾಳ ಜೇವಣಾ ನಾ ನೋಡೇ ಇಲ್ಲ," ಎಂದು ನಕ್ಕ. ಬ್ರಾಹ್ಮಿಯೂ ನಕ್ಕಳು. ಬೆಳಿಗ್ಗೆಯಿಂದ ಮೊದಲ ಸಲ ಹಸಿವೆ ಗೊತ್ತಾಯಿತು. ಎರಡು ರೊಟ್ಟಿ ಉಂಡಳು.

ಅವರು ಕೈ ತೊಳೆಯುವ ಹೊತ್ತಿಗೆ ವಿಠೋಬಾನ ಮೊಬೈಲು ಸದ್ದು ಮಾಡಿತು. "ಬಂತ್ರಿ ನಂಬರ!" ಎಂದು ಕೂಗಿದ. ಸಾಲಿನುದ್ದಕ್ಕೂ ಟ್ರ್ಯಾಕ್ಟರುಗಳು ಗುಡುಗಿದವು. ಪಾಳಿ ದೂರವಿದ್ದವರು ಗಾಡಿ ಪಕ್ಕಕ್ಕೆ ತೆಗೆದು ದಾರಿ ಬಿಟ್ಟರು.

ಶಿರಗುಪ್ಪಿ ಮುಟ್ಟಿದಾಗ ದೀಪ ಹತ್ತಿದ್ದವು. ಕಾದು ಕಾದು ಬಂದವರೆಲ್ಲ ಉಂಡಾಗಿತ್ತು. ಹೆಂಗಸರು ಹಾಡು ಹೇಳಿದರು, ಆರತಿ ಎತ್ತಿದರು. ಆರತಿ ಮುಗಿದ ಮೇಲೆ ಸುರಜನ ಫೋನು ಬಂತು.

"ಎಲ್ಲಾ ಸರಿ ಆತ್ರಿ. ಆ ಜೀವಂತ ಇದ್ದಿ ಏನ್ ಅಂತ ಕೇಳೂ ಚೆಕ್ ಹೆಂಗ ಬದಲ ಮಾಡೂನು? ನೀವ ಬಂದ ಮ್ಯಾಲ ನೋಡತೀರೇನು?"

"ನೀನ ಬರಿ," ಅಂದಳು ಬ್ರಾಹ್ಮಿ. "ನನಗ ತೋರಸಾಕ ಕಾಯಬ್ಯಾಡ."

ಹೇಳುವುದು ಸುಲಭವಾಗಿತ್ತು. ಆ ವಾರವೆಲ್ಲ ಕೈ ಚಡಪಡಿಸಿತು. ನಿಪ್ಪಾಣಿಯಿಂದ ಲ್ಯಾಪ್‌ಟಾಪ್ ತರಿಸಲೇ ಎಂದು ಎರಡು ಸಲ ಸುಜಯನನ್ನು ಕೇಳಿ, ಅವನು ಹೂಂ ಅಂದ ಮೇಲೆ ತಾನೇ ಬೇಡವೆಂದಳು.

ಮಗಳು ಹುಟ್ಟಿ, ಬಾಣಂತನ ಮುಗಿಸಿ ಅವಳು ಕಂಪನಿಗೆ ಮರಳಿದಾಗ ಮತ್ತೆರಡು ಕಾರ್ಖಾನೆಗಳು ಸೇರಿದ್ದವು. ಸರ್ವರುಗಳು ಬೆಳಿಗ್ಗೆ ತಾವಾಗಿ ಹೆಚ್ಚಾಗಿ ಮಧ್ಯಾಹ್ನ ತಾವಾಗಿ ಕಡಿಮೆಯಾಗುತ್ತಿದ್ದವು. ಪರದೆಯ ಮೇಲಿನ ಅರ್ಧದಷ್ಟು ಅವಳಿಗೆ ಗೊತ್ತಿಲ್ಲದ್ದು.

"ಇದನ್ಯಾಕ ಹಿಂಗ ಮಾಡೀದಿ?" ಎಂದು ಕೇಳಿದಳು.

ಸುರಜ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಹೇಳತೊಡಗಿದ. ಮಗಳು ಗಂಗೂಬಾಯಿಯ ಹೆಗಲ ಮೇಲೆ ಮಲಗಿದ್ದಳು. ಬ್ರಾಹ್ಮಿ ಅವಸರ ಮಾಡಲಿಲ್ಲ, ಪೂರ್ತಿ ಕೇಳಿದಳು.